ಪುಚ್ಚೆಯ ಬಾಣಂತನ

ಮಗುವನ್ನು ಮೀಯಿಸುವ ಮೊದಲು ಅದರ ಮೂಗು ನೀವಿ ನೆಟ್ಟಗೆ ಮಾಡುವುದು ವಾರಿಜಕ್ಕನ ಕ್ರಮ. ಮಣೆಯ ಮೇಲೆ ಕಾಲು ನೀಡಿ ಕೂತು, ಹಬೆ ಹಿಡಿಯುತ್ತದೆಂದು ಕನ್ನಡಕ ತೆಗೆದು ಸೆರಗಿನ ತುದಿಗೆ ಗಂಟು ಹಾಕಿ, ಬೆರಳಿಗೆ ತೆಂಗಿನೆಣ್ಣೆ ಹಚ್ಚಿಕೊಂಡು "ಕೊಡಿ ಮಗುವನ್ನು" ಎಂದು ಕೈ ಚಾಚುತ್ತಾರೆ. ಕಾಪುವಿನಿಂದ ಕಾರ್ಕಳದವರೆಗೆ ಇಂದು ನೆಟ್ಟಗಿನ ಮೂಗು ಹೊತ್ತು ತಿರುಗುವವರಲ್ಲಿ, ಮತ್ತು ಅದನ್ನು ಇನ್ನೊಬ್ಬರ ಮನೆಯ ವಿಷಯದಲ್ಲಿ ತೂರಿಸುವವರಲ್ಲಿ, ಅರ್ಧಕ್ಕರ್ಧ ಜನ ಆ ಬೆರಳಿನ ಕೆಳಗೆ ಹಾದು ಬಂದವರು.

ಆ ಭಾನುವಾರ ಬೆಳಿಗ್ಗೆ ಹಿರಿಯಡ್ಕದ ಕುಶಲಾ ಟೀಚರ್ ಮನೆಯ ಬಚ್ಚಲಿನಲ್ಲೂ ಅವರು ಹಾಗೆಯೇ ಕೂತರು. ಟೀಚರ ಗಂಡ ಸರ್ವೋತ್ತಮರು ಟವೆಲಿನಲ್ಲಿ ಸುತ್ತಿದ ಒಂದು ಪುಟ್ಟ ಗಂಟನ್ನು ತಂದು ಮಡಿಲಿಗಿಟ್ಟರು. ವಾರಿಜಕ್ಕನ ಹೆಬ್ಬೆರಳು ಹಣೆಯಿಂದ ಇಳಿಯಿತು. ಸಾಮಾನ್ಯವಾಗಿ ಅರ್ಧ ಇಂಚಿನಲ್ಲಿ ಮುಗಿಯುವ ಪ್ರಯಾಣ ಅದು. ಇಲ್ಲಿ ಮುಗಿಯಲಿಲ್ಲ. ಬೆರಳು ಮುಂದೆ ಹೋಯಿತು, ಇನ್ನೂ ಮುಂದೆ ಹೋಯಿತು, ಕೊನೆಗೆ ಒದ್ದೆಯಾದ ಎಂಥದ್ದಕ್ಕೋ ತಾಗಿ ನಿಂತಿತು.

"ಟೀಚರ್, ಈ ಮೂಗು ಯಾರ ಕಡೆಯದ್ದು? ನಿಮ್ಮ ಕಡೆಯದ್ದಲ್ಲ."

ಬಿಸಿನೀರಿನ ಕೊಡಪಾನ ಹಿಡಿದು ಬಾಗಿಲಲ್ಲಿ ನಿಂತಿದ್ದ ಕುಶಲಾ ಟೀಚರ್ ಗಂಡನ ಕಡೆ ನೋಡಿದರು. ಗಂಡ ಬಾಯಿ ಹಾಕಿದರು.

"ಅಪ್ಪ ಯಾರು ಅಂತಲೇ ಗೊತ್ತಿಲ್ಲ ವಾರಿಜಕ್ಕ."

ವಾರಿಜಕ್ಕನ ಕೈ ಅಲ್ಲೇ ನಿಂತಿತು. ಟೀಚರ ಒಬ್ಬಳೇ ಮಗಳು ಯಶ್ಮಿತಾಳಿಗೆ ಮದುವೆಯಾಗಿ ಎರಡು ವರ್ಷ. ಮಣಿಪಾಲದಲ್ಲಿ ಗಂಡನ ಜೊತೆ ಸುಖವಾಗಿದ್ದಾಳೆ ಎಂದು ಅವರು ನಂಬಿದ್ದರು. ಅಷ್ಟರಲ್ಲಿ ಗಂಟು ಕುಂಯ್ ಎಂದಿತು. ಅವರು ಸೆರಗಿನ ಗಂಟು ಬಿಚ್ಚಿ, ಕನ್ನಡಕ ಹಾಕಿ, ಮಡಿಲನ್ನು ಬಹಳ ಹೊತ್ತು ನೋಡಿದರು.

"ಇದರ ಮೂಗು ಎಳೆಯುವುದು ಬೇಡ. ಬೇಕಾದಷ್ಟು ಉಂಟು" ಎಂದರು.

ಕುಶಲಾ ಟೀಚರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ ಎಂದು ಗಂಡನಿಗೆ ಅವರು ಎರಡೆರಡು ಸಲ ಹೇಳಿದ್ದರು. ಸರ್ವೋತ್ತಮರು ಮೂವತ್ತು ವರ್ಷ ವಿಮೆ ಮಾರಿದವರು. ಸತ್ಯವನ್ನು ಎಲ್ಲಿಗೆ ನಿಲ್ಲಿಸಬೇಕೆಂದು ಅವರಿಗೆ ಗೊತ್ತು. "ಮನೆಯಲ್ಲಿ ಬಾಣಂತಿ ಉಂಟು, ಮಗು ಹಾಲು ಕುಡಿಯುವುದಿಲ್ಲ, ಸಯೀದನ ಗಾಡಿಯಲ್ಲಿ ಬನ್ನಿ" ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದ್ದರು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಬಾಣಂತಿಗೆ ನಾಲ್ಕು ಕಾಲು ಎಂಬುದನ್ನು, ವಿಮೆಯ ಕಾಗದದ ಕೊನೆಯ ಪುಟದಲ್ಲಿರುವ ಷರತ್ತಿನಂತೆ, ಮನೆಗೆ ಬಂದ ಮೇಲೆ ಓದಿಕೊಳ್ಳಬೇಕಿತ್ತು.

ಬಾಣಂತಿಯ ಹೆಸರು ಪುಚ್ಚೆ. ತುಳುವಿನಲ್ಲಿ ಪುಚ್ಚೆ ಎಂದರೆ ಬೆಕ್ಕು. ಮೂರು ವರ್ಷದ ಕೆಳಗೆ ಸರ್ವೋತ್ತಮರು ಅಂಗಿಯ ಒಳಗಿಟ್ಟು ಮನೆಗೆ ತಂದಾಗ ಈ ನಾಯಿ ಬೆಕ್ಕಿನ ಮರಿಗಿಂತ ದೊಡ್ಡದಿರಲಿಲ್ಲ. ತಾಯಿಯ ಕಡೆಯಿಂದ ಪೊಮೆರೇನಿಯನ್, ತಂದೆಯ ಕಡೆಯಿಂದ ಹಿರಿಯಡ್ಕ ಪೇಟೆ. ಹನ್ನೆರಡು ದಿನದ ಹಿಂದೆ ಈ ಅಂಗೈಯಗಲದ ಪ್ರಾಣಿ ಐದು ಮರಿ ಹಾಕಿ ಮನೆಯವರನ್ನು ದಂಗುಬಡಿಸಿತ್ತು. ಮೊದಲ ಹತ್ತು ದಿನ ಎಲ್ಲ ಸುಸೂತ್ರ. ಆಮೇಲೆ ಅದಕ್ಕೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಮರಿಗಳು ಬಾಯಿ ಹಾಕಿದ ಕೂಡಲೇ ಎದ್ದು ಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ನೋಡಿದರೆ ಐದರಲ್ಲಿ ಕಿರಿಯದು ಹಾಲಿಗೂ ಬಾರದೆ, ಅಳದೆ, ಒದ್ದೆ ಕರವಸ್ತ್ರದ ಹಾಗೆ ಬಿದ್ದುಕೊಂಡಿತ್ತು. ದನದ ಆಸ್ಪತ್ರೆಗೆ ರಜೆ. ಟೀಚರ ತಲೆಗೆ ಬಂದದ್ದು ಒಂದೇ ಹೆಸರು. ಇಪ್ಪತ್ತೇಳು ವರ್ಷದ ಹಿಂದೆ, ಹುಟ್ಟಿದ ಎಂಟನೇ ದಿನಕ್ಕೆ ಹಾಲು ಬಿಟ್ಟು ಇದೇ ರೀತಿ ಬಿದ್ದುಕೊಂಡಿದ್ದ ಯಶ್ಮಿತಾಳನ್ನು ಎದೆಗೆ ಒತ್ತಿಕೊಂಡು ಒಂದು ಹಗಲು ಕೂತು ಎಬ್ಬಿಸಿದವರು ವಾರಿಜಕ್ಕ.

"ನಾನು ಬರುವಾಗ ದಾರಿಯಿಡೀ ಸಿಟ್ಟಿನಲ್ಲಿ ಇದ್ದೆ" ಎಂದರು ವಾರಿಜಕ್ಕ ಈಗ. "ನಾನು ಎತ್ತಿ ಆಡಿಸಿದ ಹುಡುಗಿ ಬಸುರಿಯಾದ ಸುದ್ದಿಯನ್ನೇ ನನಗೆ ಹೇಳಲಿಲ್ಲ ಅಂತ. ಸಯೀದನ ಹತ್ತಿರ ಪರ್ಕಳದವರೆಗೆ ಅದನ್ನೇ ಹೇಳಿದೆ. ಆ ಪಾಪದವನು ಹೌದು ಹೌದು ಅಂದ. ಇವನಿಗೂ ಗೊತ್ತಿತ್ತಾ?"

"ನನಗೆ ಗೊತ್ತಿತ್ತು ವಾರಿಜಕ್ಕ" ಎಂದ ಸಯೀದ್ ಅಂಗಳದಿಂದ. ಅವನು ತನ್ನ ಓಮ್ನಿಗೆ ಒರಗಿ ನೀರು ಕುಡಿಯುತ್ತಿದ್ದ. "ಹೇಳಿದ್ದರೆ ನೀವು ಉಡುಪಿಯಲ್ಲೇ ಇಳಿಯುತ್ತಿದ್ದಿರಿ."

ಅದು ನಿಜ. ವಾರಿಜಕ್ಕನಿಗೆ ಅರವತ್ತನಾಲ್ಕು. ಇಪ್ಪತ್ತೆರಡನೇ ವಯಸ್ಸಿಗೆ ಚಿಕ್ಕಮ್ಮನ ಹಿಂದೆ ಎಣ್ಣೆಯ ಗಿಂಡಿ ಹಿಡಿದು ಹೊರಟವರು ಇನ್ನೂ ನಿಂತಿಲ್ಲ. ಏಳನೇ ತಿಂಗಳಿಗೇ ಬಂದು ಅವರನ್ನು ಕಾದಿರಿಸಿಕೊಳ್ಳಬೇಕು. ಮದುವೆ ಹಾಲ್ ಕೂಡ ಅವರಿಗಿಂತ ಸುಲಭದಲ್ಲಿ ಸಿಗುತ್ತದೆ. ಎಲ್ಲೂರಿನ ಗುತ್ತಿನ ಹಿರಿಮನೆ, ಕಡಿಯಾಳಿಯ ಫ್ಲ್ಯಾಟು, ಕಾಪು ಪೇಟೆಯ ಬ್ಯಾರಿ ಮುಸಲ್ಮಾನರ ಮನೆ, ಎಲ್ಲ ಕಡೆಯೂ ಅವರದ್ದು ಒಂದೇ ಕಾನೂನು: ಬಾಣಂತಿಗೆ ಗಾಳಿ ಸೋಕಬಾರದು, ತಣ್ಣೀರು ಮುಟ್ಟಬಾರದು, ತಲೆಯಿಂದ ಕಾಲಿನವರೆಗೆ ಬೆಚ್ಚಗೆ ಹೊದ್ದು ಮಲಗಬೇಕು. ಫ್ಯಾನಿನ ಗುಂಡಿಯನ್ನು ಅವರು ಅಂಟುಪಟ್ಟಿ ಹಚ್ಚಿ ಮುಚ್ಚಿಬಿಡುತ್ತಾರೆ. ಕಾನ್ವೆಂಟಿನ ಹಾಸ್ಟೆಲ್ ವಾರ್ಡನ್ನಿಗೂ ಇರದ ಶಿಸ್ತು. ಶಾರ್ಜಾದಲ್ಲಿ ಏರ್ ಕಂಡೀಷನರ್ ಹಾಕಿಕೊಂಡ ಒಬ್ಬ ಬಾಣಂತಿಗೆ ವಿಡಿಯೋ ಕಾಲಿನಲ್ಲೇ ಬೈದು ಅದನ್ನು ಆರಿಸಿದ್ದರು. ಸಯೀದನ ಹೆಂಡತಿ ಶಮ್ನಾಳ ಮೂರೂ ಮಕ್ಕಳು ಅವರ ಕಾಲ ಮೇಲೆ ಮಿಂದವರು. ಕೊನೆಯವನು ಹುಟ್ಟಿದಾಗ ಸಯೀದ್ ಸೌದಿಯ ದಮ್ಮಾಮಿನಿಂದ ತಂದುಕೊಟ್ಟ ಎರಡು ಪದರದ ಕಂಬಳಿಯನ್ನು, ನಡುವೆ ಎಮ್ಮೆಯ ಗಾತ್ರದ ಹುಲಿ ಇರುವಂಥದ್ದನ್ನು, ಅವರು ಹೋದಲ್ಲೆಲ್ಲ ಹೊತ್ತುಕೊಂಡೇ ಹೋಗುತ್ತಾರೆ. ಇಂದೂ ಅದು ಚಾವಡಿಯ ಬೆಂಚಿನ ಮೇಲೆ ಮಡಚಿ ಕೂತಿತ್ತು.

ಈ ನಲವತ್ತೆರಡು ವರ್ಷದಲ್ಲಿ ಅವರ ಕೈಯಲ್ಲಿ ತಾಯಿಯಾಗಲಿ ಮಗುವಾಗಲಿ ಒಂದೂ ಹೋಗಿಲ್ಲ. ಅದೊಂದೇ ಅವರ ಹೆಮ್ಮೆ. ಆ ಕಾರಣಕ್ಕೇ ಅವರು ಈಗ ಎದ್ದು ಸೆರಗು ಸರಿಪಡಿಸಿದರು.

"ಟೀಚರ್, ನಾನು ಮುಟ್ಟಿದರೆ ಅದು ನನ್ನ ಬಾಣಂತನ ಆಗ್ತದೆ. ಇಷ್ಟು ವರ್ಷ ಒಂದು ತಪ್ಪಲಿಲ್ಲ. ಹೋಗಿ ಹೋಗಿ ಒಂದು ನಾಯಿಯಲ್ಲಿ ತಪ್ಪಬೇಕಾ?"

"ಮುಟ್ಟಿಯಾಯಿತಲ್ಲ ವಾರಿಜಕ್ಕ" ಎಂದರು ಕುಶಲಾ ಟೀಚರ್.

ವಾರಿಜಕ್ಕ ತಮ್ಮ ಕೈ ನೋಡಿಕೊಂಡರು. ಮರಿ ಇನ್ನೂ ಅಲ್ಲೇ ಇತ್ತು. ಒಂದು ನಿಟ್ಟುಸಿರು ಬಿಟ್ಟು ಮತ್ತೆ ಮಣೆಯ ಮೇಲೆ ಕೂತರು.

ಆಮೇಲಿನ ಅರ್ಧ ಗಂಟೆ ಕುಶಲಾ ಟೀಚರ್ ಉಸಿರು ಬಿಗಿಹಿಡಿದು ನೋಡಿದರು. ಸರ್ವೋತ್ತಮರು ಇಂಕ್ ಫಿಲ್ಲರಿನಲ್ಲಿ ದನದ ಹಾಲು ತುಂಬಿ ಓಡಿ ಬಂದಾಗ ವಾರಿಜಕ್ಕ ಅದನ್ನು ಕಸಿದು ಬದಿಗಿಟ್ಟರು. "ಮೈ ತಣ್ಣಗಿರುವಾಗ ಹಾಲು ಹೊಯ್ದರೆ ಹೊಟ್ಟೆ ಅದನ್ನು ಹಿಡಿಯುವುದಿಲ್ಲ. ಮೊದಲು ಬಿಸಿ, ಆಮೇಲೆ ಹಾಲು. ನಿಮ್ಮ ಮಗಳಿಗೂ ಇದನ್ನೇ ಹೇಳಿದ್ದೆ, ನಿಮಗೆ ಮರೆತಿದೆ." ಮರಿಯನ್ನು ಒಣ ಟವೆಲಿನಲ್ಲಿ ಮೆಲ್ಲಗೆ ಉಜ್ಜಿದರು. ಆಮೇಲೆ ರವಿಕೆಯ ಒಳಗೆ, ಎದೆಯ ಬದಿಗೆ ಅದನ್ನು ಇಳಿಸಿ ಸೆರಗು ಮುಚ್ಚಿ, ಇಡೀ ಹಿರಿಯಡ್ಕದಲ್ಲಿ ಏನೂ ಆಗಿಲ್ಲ ಎಂಬಂತೆ ಒಂದು ಲೋಟ ಚಹಾ ಕೇಳಿದರು. ಚಹಾ ಮುಗಿಯುವ ಹೊತ್ತಿಗೆ ಸೆರಗಿನ ಒಳಗಿನಿಂದ ಸಣ್ಣ ಸ್ವರ ಬಂತು. ಶ್ವಾನಕ್ಕೆ ಶ್ವಾಸ ಮರಳಿತ್ತು. ಟೀಚರಿಗೆ ಇಪ್ಪತ್ತೇಳು ವರ್ಷ ಹಿಂದಿನ ಆ ಸಂಜೆ ನೆನಪಾಯಿತು.

ಆ ಸಂತೋಷ ಐದು ನಿಮಿಷ ಉಳಿಯಿತು.

ಚಾವಡಿಯಲ್ಲಿ ಗೋಣಿಯ ಮೇಲೆ ಮಲಗಿದ್ದ ಪುಚ್ಚೆ ಎದ್ದು ನಾಲ್ಕು ಹೆಜ್ಜೆ ಇಟ್ಟಿತು. ಹಿಂಗಾಲು ಕೋಲಿನಂತೆ ಸೆಟೆದಿತ್ತು. ಐದನೇ ಹೆಜ್ಜೆಗೆ ಅಡ್ಡ ಬಿತ್ತು. ಮೈಯಿಡೀ ಗಡಗಡ ನಡುಗಲು ಶುರುವಾಯಿತು. ಬಾಯಿಯಲ್ಲಿ ಜೊಲ್ಲು, ಉಸಿರು ತಿದಿ ಒತ್ತಿದ ಹಾಗೆ.

"ಚಳಿ ಹಿಡಿಯಿತು. ಬಾಣಂತಿಗೆ ಚಳಿ" ಎಂದು ಕೂಗಿದ ಕುಶಲಾ ಟೀಚರ್ ಕೈಗೆ ಸಿಕ್ಕಿದ ಹುಲಿಯ ಕಂಬಳಿಯನ್ನು ಬಿಚ್ಚಿ ಪುಚ್ಚೆಗೆ ಹೊದೆಸಿದರು. ಮೇಲೆ ಹುಲಿ, ಕೆಳಗೆ ನಾಯಿ, ಅದಕ್ಕೆ ಬೆಕ್ಕೆಂದು ಹೆಸರು. ಬೇರೆ ದಿನವಾಗಿದ್ದರೆ ಸರ್ವೋತ್ತಮರು ಇದಕ್ಕೊಂದು ಮಾತು ಹೇಳದೆ ಬಿಡುತ್ತಿರಲಿಲ್ಲ.

ವಾರಿಜಕ್ಕ ಒಂದೇ ಹೆಜ್ಜೆಗೆ ಅಲ್ಲಿಗೆ ಬಂದರು. ಒಂದೇ ಎಳೆತಕ್ಕೆ ಕಂಬಳಿಯನ್ನು ಕಿತ್ತು ತೆಗೆದರು.

"ವಾರಿಜಕ್ಕ, ಅದು ನಡುಗುತ್ತಾ ಉಂಟು" ಎಂದರು ಟೀಚರ್.

"ನಡುಗಲಿ. ಇದು ಬೇಡ."

ಟೀಚರ್ ಅವರ ಮುಖವನ್ನೇ ನೋಡಿದರು. ಶಾರ್ಜಾದ ಬಾಣಂತಿಗೂ ಬೆಚ್ಚಗೆ ಹೊದೆಸಿದ ಹೆಂಗಸು ಇವರೇನಾ? ಆದರೆ ಆ ಮುಖದಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಅಷ್ಟರಲ್ಲಿ ಸರ್ವೋತ್ತಮರು ಪಶುವೈದ್ಯ ಜಿತೇಂದ್ರರಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟಿದ್ದರು. ಡಾಕ್ಟರು ಕಾರ್ಕಳದಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಶಿಬಿರದಲ್ಲಿದ್ದರು. ಅವರ ಸ್ವರದ ಹಿಂದೆ ನೂರು ನಾಯಿ ಬೊಗಳುತ್ತಿದ್ದವು.

"ಮರಿ ಹಾಕಿ ಎಷ್ಟು ದಿನ? ಹನ್ನೆರಡಾ. ಕಾಲು ಸೆಟೆದಿದೆಯಾ? ಮೈ ಬಿಸಿ ಉಂಟಾ?"

ಕುಶಲಾ ಟೀಚರ್ ಪುಚ್ಚೆಯ ಹೊಟ್ಟೆಗೆ ಕೈ ಇಟ್ಟವರು ಹಿಂದೆಳೆದುಕೊಂಡರು. ದೋಸೆಯ ಕಾವಲಿಯಂತೆ ಸುಡುತ್ತಿತ್ತು.

"ಸುಡ್ತಾ ಉಂಟು ಡಾಕ್ಟ್ರೇ."

"ಹಾಗಾದರೆ ಏನೂ ಹೊದೆಸಬೇಡಿ. ಆ ನಡುಕ ಚಳಿಯದ್ದಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ. ಸ್ನಾಯು ಬಿಗಿದು ಬಿಗಿದು ಮೈ ಕಾಯುತ್ತದೆ. ಕಂಬಳಿ ಹೊದೆಸಿದರೆ ಅದೇ ಸಾಕು, ಸಾಯಲಿಕ್ಕೆ."

"ಹೊದೆಸಿದ್ದೆವು. ವಾರಿಜಕ್ಕ ಕೂಡಲೇ ಕಿತ್ತು ತೆಗೆದರು" ಎಂದರು ಸರ್ವೋತ್ತಮರು.

"ಯಾರವರು? ನರ್ಸಾ?"

"ನರ್ಸಿಗಿಂತ ಮೇಲೆ."

"ಬುದ್ಧಿವಂತೆ. ಒಂದು ಪ್ರಶ್ನೆ. ಗಬ್ಬದಲ್ಲಿ ಇರುವಾಗ ಕ್ಯಾಲ್ಸಿಯಂ ಮಾತ್ರೆ ಏನಾದರೂ ಕೊಟ್ಟಿದ್ದೀರಾ?"

ಕುಶಲಾ ಟೀಚರ್ ಫ್ರಿಜ್ಜಿನ ಕಡೆ ನೋಡಿದರು. ಅವರು ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವರು. ಬಸುರಿಯನ್ನು ಕಂಡರೆ ಅವರ ಕೈ ತಾನಾಗಿ ಮಾತ್ರೆಯ ಪಟ್ಟಿಯ ಕಡೆಗೆ ಹೋಗುತ್ತದೆ. ಪುಚ್ಚೆಯ ಹೊಟ್ಟೆ ಮುಂದೆ ಬಂದ ದಿನವೇ ಅವರು ಹಳೆಯ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಅದಕ್ಕೊಂದು ತಾಯಿ ಕಾರ್ಡು ಮಾಡಿದ್ದರು. ಸೋಮವಾರ ಸೋಮವಾರ ತೂಕ. ಬೆಳಿಗ್ಗೆ ಒಂದು, ರಾತ್ರಿ ಒಂದು ಕ್ಯಾಲ್ಸಿಯಂ ಮಾತ್ರೆ, ಬೆಲ್ಲದಲ್ಲಿಟ್ಟು. ಒಂದು ದಿನವೂ ತಪ್ಪಿಸದೆ ಸರಿ ಗುರುತು ಹಾಕಿದ ಆ ಕಾರ್ಡು ಈಗಲೂ ಫ್ರಿಜ್ಜಿನ ಬಾಗಿಲಲ್ಲಿ ಅಂಟಿಕೊಂಡಿತ್ತು.

"ದಿನಕ್ಕೆ ಎರಡು. ಕಾರ್ಡಿನಲ್ಲಿ ಗುರುತು ಹಾಕಿದ್ದೇನೆ" ಎಂದರು ಅವರು, ಕ್ಲಾಸಿನಲ್ಲಿ ಎದ್ದು ನಿಂತ ಹುಡುಗಿಯ ಸ್ವರದಲ್ಲಿ.

ಆ ಕಡೆ ನಾಯಿಗಳು ಮಾತ್ರ ಬೊಗಳಿದವು. ಆಮೇಲೆ ಡಾಕ್ಟರು ಹೇಳಿದರು: "ಈಗ ಮಾತಾಡುವ ಹೊತ್ತಲ್ಲ. ಒದ್ದೆ ಬಟ್ಟೆ ಹೊಟ್ಟೆಗೆ, ಪಾದಕ್ಕೆ. ಮರಿಗಳನ್ನು ತಾಯಿಯಿಂದ ಬೇರೆ ಮಾಡಿ. ನೀವು ಅಲ್ಲಿಂದ ಹೊರಡಿ, ನಾನು ಇಲ್ಲಿಂದ ಹೊರಡ್ತೇನೆ. ಬೈಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಗುವ. ಅರ್ಧ ಗಂಟೆಯ ಮೇಲೆ ನಾನು ಏನೂ ಹೇಳಲಾರೆ."

ಎಲ್ಲರೂ ಅಂಗಳದ ಓಮ್ನಿಯ ಕಡೆ ನೋಡಿದರು, ಆಮೇಲೆ ಸಯೀದನ ಕಡೆ. ನಾಯಿಯ ಜೊಲ್ಲು ತಾಗಿದ್ದನ್ನು ಏಳು ಸಲ ತೊಳೆಯಬೇಕು ಎಂಬುದು ಅವನ ಮನೆಯ ಕ್ರಮ ಎಂದು ಟೀಚರಿಗೆ ಗೊತ್ತಿತ್ತು. ಬಾಯಿಬಿಟ್ಟು ಕೇಳಲು ಅವರಿಗೆ ಸಂಕೋಚ.

"ಎಂತ ನೋಡುವುದು, ಹತ್ತಿ" ಎಂದ ಸಯೀದ್. "ಏಳು ಸಲ ತೊಳೆದರೆ ಆಯಿತು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ಗಾಡಿ ತೊಳೆಯದೆ ಮೂರು ತಿಂಗಳಾಯಿತು, ಶಮ್ನಾ ದಿನಾ ಬೈಯ್ತಾಳೆ. ಅವಳಿಗೂ ಖುಷಿ."

ಓಮ್ನಿ ಹೊರಟಿತು. ಮುಂದಿನ ಸೀಟಿನಲ್ಲಿ ಸರ್ವೋತ್ತಮರು ಕಿಟಕಿಯಿಂದ ಕೈ ಹೊರಹಾಕಿ ಎಲ್ಲರನ್ನೂ ಬದಿಗೆ ಸರಿಸುತ್ತಿದ್ದರು; ಒಂದು ದನ ಮಾತ್ರ ಕೇಳಲಿಲ್ಲ. ಹಿಂದೆ ಕುಶಲಾ ಟೀಚರ ಮಡಿಲಲ್ಲಿ ಒದ್ದೆ ಟವೆಲು, ಅದರಲ್ಲಿ ಕಟ್ಟಿಗೆಯಂತೆ ಸೆಟೆದ ಪುಚ್ಚೆ. ಬದಿಯಲ್ಲಿ ವಾರಿಜಕ್ಕ. ಅವರ ಕಾಲ ಬುಡದಲ್ಲಿ ನಾಲ್ಕು ಮರಿಗಳ ಬುಟ್ಟಿ, ಐದನೆಯದು ರವಿಕೆಯೊಳಗೆ, ಬಗಲಲ್ಲಿ ಮಡಚಿದ ಕಂಬಳಿ. ಮುಂದೆ ಕಾರ್ಕಳಕ್ಕೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು. ಈ ರಸ್ತೆಯಲ್ಲಿ ಬಸ್ಸು ಎಲ್ಲರನ್ನೂ ಹಿಂದೆ ಹಾಕುತ್ತದೆ, ಬಸ್ಸನ್ನು ಯಾರೂ ಹಿಂದೆ ಹಾಕುವುದಿಲ್ಲ. ಸಯೀದ್ ಹಾಕಿದ. ಬಸ್ಸಿನ ಡ್ರೈವರು ಅವಮಾನದಿಂದ ಹಾರ್ನ್ ಒತ್ತಿದ್ದು ಮುಂದಿನ ಎರಡು ತಿರುವಿನವರೆಗೆ ಕೇಳುತ್ತಿತ್ತು.

"ನಾನೇ ಮಾಡಿದ್ದು ವಾರಿಜಕ್ಕ" ಎಂದರು ಟೀಚರ್. "ಒಳ್ಳೆಯದಾಗಲಿ ಅಂತ ಮಾತ್ರೆ ಕೊಟ್ಟು ನಾನೇ..."

"ಬಟ್ಟೆ ಒಣಗಿತು. ನೀರು ಹಾಕಿ."

"ಮೂವತ್ತೊಂದು ವರ್ಷ ಕೊಟ್ಟೆ. ಯಾರಿಗೂ ಏನೂ ಆಗಲಿಲ್ಲ."

"ಅವರೆಲ್ಲ ಹೆಂಗಸರು ಟೀಚರ್. ಅರ್ಧ ಜನ ಮಾತ್ರೆಯನ್ನು ಬಸಳೆಯ ಬುಡಕ್ಕೆ ಹಾಕ್ತಿದ್ದರು, ನಾನೇ ನೋಡಿದ್ದೇನೆ. ಇದೊಂದು ಪಾಪದ್ದು, ನಿಮ್ಮ ಮಾತು ಪೂರ್ತಿ ಕೇಳಿತು."

ಟೀಚರ್ ಟವೆಲಿಗೆ ನೀರು ಹಾಕಿದರು. ವಾರಿಜಕ್ಕ ಬುಟ್ಟಿಯ ಮರಿಯೊಂದನ್ನು ಎತ್ತಿ, ಒದ್ದೆ ಹತ್ತಿಯಿಂದ ಅದರ ಹೊಟ್ಟೆಯ ಕೆಳಗೆ ಮೆಲ್ಲಗೆ ಒರೆಸಿದರು. ತಾಯಿ ನೆಕ್ಕದಿದ್ದರೆ ಇವಕ್ಕೆ ಮೂತ್ರ ಬಾರದು ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಅವರು ಒಂದೇ ಸಲಕ್ಕೆ ಕಲಿತಿದ್ದರು. ಮರಿ ವಿಧೇಯತೆಯಿಂದ ಸಯೀದನ ಗಾಡಿಗೆ ತನ್ನ ಪಾಲು ಸಲ್ಲಿಸಿತು.

"ಎಂಟು ಸಲ ತೊಳೆ ಮಾರಾಯ" ಎಂದರು ವಾರಿಜಕ್ಕ.

ಬೈಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಡಾಕ್ಟರ ಬೈಕು ಆಗಲೇ ನಿಂತಿತ್ತು. ಬಸ್ಸಿಗೆ ಕಾದಿದ್ದವರು ಎದ್ದು ಸಿಮೆಂಟಿನ ಬೆಂಚು ಖಾಲಿ ಮಾಡಿದರು. ಡಾಕ್ಟರು ಪುಚ್ಚೆಯ ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದರು. ಬಾಟ್ಲಿ ಎತ್ತಿ ಹಿಡಿಯಲು ಜನ ಬೇಕಾಯಿತು. ಕಿಟ್ಟ ಎಂಬ ಎತ್ತರದ ಮನುಷ್ಯ ಮುಂದೆ ಬಂದ. ಅವನ ಎಡ ಕಂಕುಳಲ್ಲಿ ಒಂದು ಹುಂಜ ಇತ್ತು, ಬಲಗೈ ಖಾಲಿ ಇತ್ತು.

"ಮೆಲ್ಲ ಇಳಿಯಬೇಕು" ಎಂದರು ಡಾಕ್ಟರು, ಸ್ಟೆಥೋಸ್ಕೋಪನ್ನು ಪುಚ್ಚೆಯ ಎದೆಗೆ ಒತ್ತಿ. "ಕ್ಯಾಲ್ಸಿಯಂ ಬೇಗ ಹೋದರೆ ಹೃದಯ ನಿಲ್ಲುತ್ತದೆ. ಹೋಗದಿದ್ದರೂ ನಿಲ್ಲುತ್ತದೆ. ಯಾರೂ ಮಾತಾಡಬೇಡಿ."

ಸಯೀದ್ ಹಿಂದೆ ಹಾಕಿದ್ದ ಬಸ್ಸು ಬಂದು ನಿಂತಿತು. ಹತ್ತುವವರು ಹತ್ತಲಿಲ್ಲ, ಬೈಯಲು ಇಳಿದ ಡ್ರೈವರು ಬೈಯದೆ ಸುಮ್ಮನೆ ನೋಡುತ್ತ ನಿಂತ. ಹುಂಜ ಕೂಡ ಕೂಗಲಿಲ್ಲ. ಹನಿ ಹನಿಯಾಗಿ ಇಳಿಯುತ್ತಿದ್ದ ಔಷಧಿಯನ್ನು ಕುಶಲಾ ಟೀಚರ್ ಎಣಿಸತೊಡಗಿದರು, ಎಣಿಕೆ ತಪ್ಪಿದಾಗ ಮತ್ತೆ ಒಂದರಿಂದ. ಬಾಟ್ಲಿ ಅರ್ಧವಾಯಿತು. ಸೆಟೆದ ಹಿಂಗಾಲು ಒಮ್ಮೆ ಅದುರಿತು. ಮತ್ತೆ ಏನಿಲ್ಲ. ಆಮೇಲೆ, ಹಗ್ಗದ ಗಂಟು ತಾನಾಗಿ ಬಿಚ್ಚಿದಂತೆ, ಕಾಲು ಮಡಚಿತು. ನಡುಕ ಬೆನ್ನಿನಿಂದ ಬಾಲಕ್ಕೆ ಇಳಿಯಿತು, ಬಾಲದಿಂದ ಎಲ್ಲಿಗೋ ಹೋಯಿತು. ಪುಚ್ಚೆ ನಾಲಿಗೆ ಚಾಚಿ ತನ್ನ ಮೂಗನ್ನು ನೆಕ್ಕಿಕೊಂಡಿತು, ಕಣ್ಣು ತಿರುಗಿಸಿ ಹುಂಜವನ್ನು ನೋಡಿತು, ಮತ್ತು ತಾನು ಬದುಕಿದ್ದೇನೆಂದು ಸಾರುವಂತೆ ಗುರ್ರೆಂದಿತು.

ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ಉಸಿರು ಬಿಟ್ಟಿತು. ಕಂಡಕ್ಟರು ಸೀಟಿ ಊದಿಬಿಟ್ಟ. ಸರ್ವೋತ್ತಮರು ಕಿಟ್ಟನನ್ನು ಹುಂಜದ ಸಮೇತ ತಬ್ಬಿಕೊಂಡರು. ಕುಶಲಾ ಟೀಚರ್ ಬೆಂಚಿನ ಬದಿಯಲ್ಲಿ ಕುಸಿದು ಕೂತು, ನಗುತ್ತ ಅತ್ತರು.

ಡಾಕ್ಟರು ಸೂಜಿ ತೆಗೆದು ಬೆವರು ಒರೆಸಿಕೊಂಡರು. "ಟೀಚರ್, ಗಬ್ಬದಲ್ಲಿ ಹೊರಗಿನಿಂದ ಕೊಟ್ಟರೆ ನಾಯಿಯ ಮೈ ಸೋಮಾರಿ ಆಗುತ್ತದೆ. ತನ್ನ ಎಲುಬಿನಿಂದ ತೆಗೆಯುವುದನ್ನೇ ಮರೆಯುತ್ತದೆ. ಆಮೇಲೆ ಐದು ಮರಿ ಒಟ್ಟಿಗೆ ಹಾಲು ಎಳೆದಾಗ ಕೈ ಎತ್ತಿಬಿಡುತ್ತದೆ. ಒಂದು ದಿನ ಮರಿಗಳಿಗೆ ಮೇಲಿನ ಹಾಲು, ಮೂರು ಗಂಟೆಗೊಮ್ಮೆ, ನಾಯಿಮರಿಗಳದ್ದೇ ಹಾಲಿನ ಹುಡಿ ಸಿಗುತ್ತದೆ. ತಾಯಿಗೆ ಇನ್ನು ಕ್ಯಾಲ್ಸಿಯಂ ಮಾತ್ರೆ ಕೊಡಿ."

"ಈಗ ಕೊಡಬೇಕಾ?"

"ಈಗಲೇ ಕೊಡಬೇಕಾದದ್ದು. ಎಷ್ಟು ಅಂತ ನಾನು ಬರೆದುಕೊಡ್ತೇನೆ. ಕಾರ್ಡಿನಲ್ಲಿ ಸರಿ ಗುರುತು ಹಾಕಿಕೊಳ್ಳಿ."

ಆಮೇಲೆ ಅವರು ವಾರಿಜಕ್ಕನ ಕಡೆ ತಿರುಗಿದರು. ವಾರಿಜಕ್ಕ ಕಂಬಳಿಯನ್ನು ಬಗಲಲ್ಲಿ ಅದುಮಿಕೊಂಡು, ಸೆರಗಿನೊಳಗಿನ ಮರಿಯ ತಲೆ ಸವರುತ್ತ ನಿಂತಿದ್ದರು. ನಲವತ್ತೆರಡು ವರ್ಷ, ಎಲ್ಲೂರು, ಕಡಿಯಾಳಿ, ಶಾರ್ಜಾ, ಫ್ಯಾನಿನ ಗುಂಡಿ ಎಲ್ಲವನ್ನೂ ಸರ್ವೋತ್ತಮರು ಅಷ್ಟರಲ್ಲಿ ಡಾಕ್ಟರಿಗೆ ಒದಗಿಸಿಯಾಗಿತ್ತು. ಡಾಕ್ಟರು ಕೈ ಮುಗಿದರು.

"ಅಮ್ಮಾ, ಮೈ ಅಷ್ಟು ಕಾದಿರುವಾಗ ಆ ಕಂಬಳಿ ಇನ್ನು ಹತ್ತು ನಿಮಿಷ ಇದ್ದಿದ್ದರೆ ನನ್ನ ಸೂಜಿಗೆ ಕೆಲಸ ಇರುತ್ತಿರಲಿಲ್ಲ. ಕಾಲೇಜಿನಲ್ಲಿ ಓದಿದ ಹುಡುಗರೂ ಇದರಲ್ಲಿ ತಪ್ಪುತ್ತಾರೆ. ಜೀವಮಾನವಿಡೀ ಬಾಣಂತಿಯರಿಗೆ ಬೆಚ್ಚಗೆ ಹೊದೆಸಿದವರು ನೀವು. ಇದೊಂದಕ್ಕೆ ಮಾತ್ರ ತೆಗೆಯಬೇಕು ಅಂತ ನಿಮಗೆ ಹೇಗೆ ಗೊತ್ತಾಯಿತು?"

ಕುಶಲಾ ಟೀಚರ್ ಕಣ್ಣೊರೆಸಿಕೊಂಡು ತಲೆ ಎತ್ತಿದರು. ಕಿಟ್ಟ ಬಾಟ್ಲಿ ಇಳಿಸದೆ ನಿಂತ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ನಲವತ್ತೆರಡು ವರ್ಷದ ಅನುಭವದ ಸಾರ ಇನ್ನೇನು ಬೈಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಪ್ರಕಟವಾಗುವುದರಲ್ಲಿತ್ತು.

"ಗೊತ್ತಾಗುವುದು ಎಂತ ಡಾಕ್ಟ್ರೇ" ಎಂದರು ವಾರಿಜಕ್ಕ. "ಕಂಬಳಿ ನನ್ನದು. ನಾಯಿ ಅದರ ಮೇಲೆ ಉಚ್ಚೆ ಹೊಯ್ದರೆ ತೊಳೆಯುವವರು ಯಾರು?"